ಮುಖಗವಸಿನ ಮೊದಲ ದಿನಗಳು: ಮೂಗಿನ ನೋವಿಗೆ ಪರಿಹಾರ

ಕುಟುಂಬ ಆರೋಗ್ಯ

ಗೊರಕೆಯನ್ನು ಗಾಢನಿದ್ರೆಯ ಲಕ್ಷಣವೆಂದು ಭಾವಿಸಿ ನಕ್ಕು ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆದರೆ ಎಲ್ಲ ಗೊರಕೆಯೂ ನಕ್ಕು ಮರೆಯುವಂಥದಲ್ಲ. ಕೆಲವರಲ್ಲಿ ನಿದ್ರೆ ಹತ್ತಿದೊಡನೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗವು ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕವು ಇಳಿಯುತ್ತದೆ. ಮೆದುಳು ಬೆಚ್ಚಿ ದೇಹವನ್ನು ಅರೆಯೆಚ್ಚರಗೊಳಿಸಿದಾಗ ದೊಡ್ಡದೊಂದು ಗೊರಕೆಯೊಡನೆ ಉಸಿರು ಮರಳುತ್ತದೆ. ಇದನ್ನೇ ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಉಸಿರು ನಿಲ್ಲುವುದು ಅಥವಾ ತೀರ ಕುಗ್ಗುವುದು ಗಂಟೆಗೆ 5ರಿಂದ 15 ಬಾರಿಯಾದರೆ ಸೌಮ್ಯ, 15ರಿಂದ 30 ಬಾರಿಯಾದರೆ ಮಧ್ಯಮ, 30ನ್ನು ಮೀರಿದರೆ ತೀವ್ರ ಎಂಬುದು ವೈದ್ಯರ ಲೆಕ್ಕ. ರಕ್ತದೊತ್ತಡ ಏರುವುದು, ಹೃದಯದ ಬಡಿತ ತಪ್ಪುವುದು, ಹಗಲಿನಲ್ಲಿ ತೂಕಡಿಕೆ, ವಾಹನ ನಡೆಸುವಾಗ ಕಣ್ಣು ಮುಚ್ಚಿ ಅಪಘಾತವಾಗುವುದು ಇವೆಲ್ಲ ಈ ರೋಗದ ಬೆನ್ನಿಗೇ ಬರುವಂಥವು.

ಇದಕ್ಕೆ ಇಂದು ಬಳಕೆಯಲ್ಲಿರುವ ಮುಖ್ಯ ಚಿಕಿತ್ಸೆಯೆಂದರೆ ಸಿಪ್ಯಾಪ್ ಎಂಬ ಯಂತ್ರ. ಹಾಸಿಗೆಯ ಪಕ್ಕದಲ್ಲಿರುವ ಚಿಕ್ಕ ಪೆಟ್ಟಿಗೆಯೊಂದು ಕೋಣೆಯ ಗಾಳಿಯನ್ನೇ ಸೆಳೆದು, ಕೊಳವೆಯ ಮೂಲಕ ಮುಖಗವಸಿಗೆ ಒತ್ತಡದಿಂದ ಕಳುಹಿಸುತ್ತದೆ. ಆ ಗಾಳಿಯು ಕುಸಿಯುವ ಗಂಟಲನ್ನು ಒಳಗಿನಿಂದ ಎತ್ತಿ ಹಿಡಿದು ದಾರಿಯನ್ನು ತೆರೆದಿಡುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಅವರ ಸಂಗಡಿಗರು ಐವರು ರೋಗಿಗಳ ಮೇಲೆ ಈ ವಿಧಾನವನ್ನು ಪ್ರಯೋಗಿಸಿ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆರಂಭದ ದಿನಗಳಲ್ಲಿ ರೋಗಿಯ ಮೂಗಿನ ಅಚ್ಚು ತೆಗೆದು ಗವಸು ಮಾಡಿ, ಪ್ರತಿರಾತ್ರಿ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಹಚ್ಚಬೇಕಾಗುತ್ತಿತ್ತು; ಬೆಳಗಾದರೆ ಕಿತ್ತು ತೆಗೆಯಬೇಕಾಗುತ್ತಿತ್ತು. ಇಂದಿನ ಮೆದುವಾದ ಗವಸುಗಳು ಅದಕ್ಕಿಂತ ಎಷ್ಟೋ ಸುಖಕರ. ಆದರೂ ಮೂಗು ನೋಯುತ್ತದೆ ಎಂಬ ದೂರು ಇನ್ನೂ ಪೂರ್ಣವಾಗಿ ಹೋಗಿಲ್ಲ.

ಈ ದೂರು ಚಿಕ್ಕದಾಗಿ ಕಂಡರೂ ಅದರ ಫಲ ದೊಡ್ಡದು. ಸಾವಿರಾರು ರೂಪಾಯಿ ವೆಚ್ಚಮಾಡಿ ತಂದ ಯಂತ್ರವು, ಮೂಗು ಕೆಂಪಾಯಿತು, ಸುಲಿಯಿತು, ಉರಿಯಿತು ಎಂಬ ಕಾರಣದಿಂದ ಕೆಲವೇ ವಾರಗಳಲ್ಲಿ ಅಟ್ಟವನ್ನು ಸೇರುವುದುಂಟು. ಯಂತ್ರ ಅಟ್ಟ ಸೇರಿದ ರಾತ್ರಿಯಿಂದಲೇ ಗಂಟಲು ಮೊದಲಿನಂತೆ ಮುಚ್ಚತೊಡಗುತ್ತದೆ. ಏಕೆಂದರೆ ಈ ಚಿಕಿತ್ಸೆಯು ಬಳಸಿದಷ್ಟು ಹೊತ್ತು ಮಾತ್ರ ಫಲ ಕೊಡುವಂಥದು. ಆದಕಾರಣ ನೋವನ್ನು ಹಲ್ಲುಕಚ್ಚಿ ಸಹಿಸುವುದೂ ಸರಿಯಲ್ಲ, ನೋವಿಗೆ ಹೆದರಿ ಚಿಕಿತ್ಸೆಯನ್ನು ಬಿಡುವುದೂ ಸರಿಯಲ್ಲ. ನೋವಿಗೆ ಕಾರಣವನ್ನು ಹುಡುಕುವುದೇ ಸರಿಯಾದ ದಾರಿ.

ನೋವು ಎಲ್ಲಿದೆ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಮೂಗಿನ ಹೊರಗೆ, ಕಣ್ಣುಗಳ ನಡುವಿನ ಎಲುಬಿನ ಮೇಲೆ ನೋವಿದ್ದರೆ ಅದು ಒತ್ತಡದ ನೋವು. ಹೊಳ್ಳೆಗಳ ಅಂಚಿನಲ್ಲಿದ್ದರೆ ಉಜ್ಜುವಿಕೆಯ ನೋವು. ಮೂಗಿನ ಒಳಗೆ ಉರಿ, ಒಣಗುವಿಕೆ, ಕಟ್ಟಿಕೊಳ್ಳುವಿಕೆ ಇದ್ದರೆ ಅದು ಗಾಳಿಯ ದೋಷ. ಮೂರಕ್ಕೂ ಪರಿಹಾರಗಳು ಬೇರೆಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಫಲವಿಲ್ಲ.

ಮೂಗಿನ ಮೇಲಿನ ನೋವು

ಗಾಳಿ ಸೋರುತ್ತಿದೆ ಎಂದು ತೋರಿದಾಗ ಪಟ್ಟಿಗಳನ್ನು ಇನ್ನಷ್ಟು ಬಿಗಿಯುವುದು ಹೊಸಬರೆಲ್ಲರ ಸಹಜ ಪ್ರವೃತ್ತಿ. ನೋವಿನ ಮೂಲವೂ ಬಹುಮಟ್ಟಿಗೆ ಇಲ್ಲಿಯೇ ಇದೆ. ಗವಸಿನ ಅಂಚಿನಲ್ಲಿರುವ ಸಿಲಿಕೋನ್ ಮೆತ್ತೆಯು ಯಂತ್ರದ ಗಾಳಿಯಿಂದ ತುಸು ಉಬ್ಬಿ, ತಾನೇ ಚರ್ಮಕ್ಕೆ ಹೊಂದಿಕೊಳ್ಳುವಂತೆ ರಚಿತವಾಗಿದೆ. ಅತಿಯಾಗಿ ಬಿಗಿದರೆ ಆ ಮೆತ್ತೆ ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ. ಸೋರಿಕೆ ಹೆಚ್ಚಿತೆಂದು ಮತ್ತೆ ಬಿಗಿಯುತ್ತೇವೆ. ಚರ್ಮ ತೆಳುವಾಗಿ ಎಲುಬು ಮೇಲೆಯೇ ಇರುವ ಮೂಗಿನ ಏಣಿನಲ್ಲಿ ರಕ್ತದ ಓಡಾಟ ತಡೆದು ಕೆಂಪು ಗುರುತು ಬೀಳುತ್ತದೆ. ಅದನ್ನು ಕಡೆಗಣಿಸಿದರೆ ಹುಣ್ಣಾಗುತ್ತದೆ.

ಹೊಂದಿಸುವ ಕ್ರಮ ಹೀಗಿದೆ. ಕುಳಿತು ಹೊಂದಿಸಿದ ಗವಸು ಮಲಗಿದಾಗ ಜರುಗುತ್ತದೆ. ಏಕೆಂದರೆ ಮಲಗಿದಾಗ ಮುಖದ ಆಕಾರವೇ ತುಸು ಬದಲಾಗುತ್ತದೆ. ಆದ್ದರಿಂದ ಹಾಸಿಗೆಯಲ್ಲಿ ಮಲಗಿ, ಯಂತ್ರವನ್ನು ಚಾಲೂ ಮಾಡಿ, ಎಲ್ಲ ಪಟ್ಟಿಗಳನ್ನೂ ಸಡಿಲಿಸಬೇಕು. ಗವಸನ್ನು ಮುಖದಿಂದ ತುಸು ಮುಂದಕ್ಕೆಳೆದು, ಮೆತ್ತೆಯಲ್ಲಿ ಗಾಳಿ ತುಂಬಿದ ಮೇಲೆ ಮೆಲ್ಲನೆ ಕೂರಿಸಬೇಕು. ಬಳಿಕ ಎಡಬಲ ಪಟ್ಟಿಗಳನ್ನು ಸಮವಾಗಿ, ಸೋರಿಕೆ ನಿಲ್ಲುವಷ್ಟು ಮಾತ್ರ ಎಳೆಯಬೇಕು. ಪಟ್ಟಿ ಮತ್ತು ಕೆನ್ನೆಯ ನಡುವೆ ಬೆರಳು ಸಲೀಸಾಗಿ ನುಸುಳುವಂತಿರಲಿ. ಬಲಕ್ಕೂ ಎಡಕ್ಕೂ ಹೊರಳಿ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಗವಸಿಗೆ ಹಣೆಯ ಆಸರೆ ಇದ್ದರೆ ಅದನ್ನು ಒಂದೆರಡು ಹೆಜ್ಜೆ ಬದಲಿಸಿ ನೋಡಿದಾಗಲೇ ಎಷ್ಟೋ ಸಲ ಮೂಗಿನ ಮೇಲಿನ ಭಾರ ಇಳಿಯುತ್ತದೆ.

ಎಷ್ಟು ಹೊಂದಿಸಿದರೂ ಅದೇ ಜಾಗದಲ್ಲಿ ನೋವಿದ್ದರೆ ಗವಸಿನ ಅಳತೆಯೇ ತಪ್ಪಿರಬಹುದು. ಚಪ್ಪಲಿಯಂತೆ ಗವಸಿಗೂ ಅಳತೆಗಳುಂಟು. ಕೊಟ್ಟವರ ಬಳಿಗೆ ಮರಳಿ ಹೋಗಿ ಬೇರೆ ಅಳತೆಯನ್ನೂ ಬೇರೆ ಮಾದರಿಯನ್ನೂ ಹಾಕಿ ನೋಡಲು ಸಂಕೋಚ ಬೇಡ. ಮೂಗನ್ನಷ್ಟೇ ಮುಚ್ಚುವುದು, ಮೂಗು-ಬಾಯಿ ಎರಡನ್ನೂ ಮುಚ್ಚುವುದು, ಹೊಳ್ಳೆಗಳಿಗೆ ಮಾತ್ರ ತಗಲುವುದು ಎಂದು ಮೂರು ಬಗೆಗಳಿವೆ. ಎರಡು ಬಗೆಗಳನ್ನು ಇಟ್ಟುಕೊಂಡು ರಾತ್ರಿಯಿಂದ ರಾತ್ರಿಗೆ ಬದಲಿಸಿದರೆ ಒತ್ತಡವು ಒಂದೇ ಜಾಗದಲ್ಲಿ ಬೀಳುವುದಿಲ್ಲ. ಗವಸಿನ ಕೆಳಗೆ ಇಡುವ ತೆಳು ಬಟ್ಟೆಯ ಪದರ, ಮೂಗಿನ ಏಣಿಗೆ ಇಡುವ ಜೆಲ್ ಮೆತ್ತೆಗಳೂ ಸಿಗುತ್ತವೆ. ಇಲ್ಲೊಂದು ಎಚ್ಚರಿಕೆ ಅವಶ್ಯ: ಕೆಲವು ಗವಸುಗಳ ಪಟ್ಟಿಗಳಲ್ಲಿ ಆಯಸ್ಕಾಂತದ ಕೊಂಡಿಗಳಿರುತ್ತವೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು, ಅಥವಾ ಅಂಥವರ ಪಕ್ಕದಲ್ಲಿ ಮಲಗುವವರು, ಅವುಗಳನ್ನು ಬಳಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಮುಖದ ಶುಚಿತ್ವವೂ ಮುಖ್ಯ. ಸಂಜೆಯ ಪೂಜೆಯಲ್ಲಿ ಧರಿಸಿದ ವಿಭೂತಿಯ ಕಣಗಳು, ತಲೆಯಿಂದಿಳಿದ ಎಣ್ಣೆ, ಬೆವರಿನ ಉಪ್ಪು ಇವು ಮೆತ್ತೆಯ ಅಡಿಯಲ್ಲಿ ಸೇರಿ ರಾತ್ರಿಯಿಡೀ ಚರ್ಮವನ್ನು ಉಜ್ಜುತ್ತವೆ. ಮೆತ್ತೆಯೂ ಜಾರಿ ಸೋರುತ್ತದೆ. ಮಲಗುವ ಮುನ್ನ ಮುಖವನ್ನು ತೊಳೆದು ಒರೆಸಿಕೊಂಡು, ಪೂರ್ಣ ಒಣಗಿದ ಮೇಲೆಯೇ ಗವಸು ಧರಿಸಬೇಕು. ಬೆಳಗ್ಗೆ ಎದ್ದೊಡನೆ ಮೆತ್ತೆಯನ್ನು ಸೌಮ್ಯವಾದ ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಮೆತ್ತೆ ಗಡುಸಾದರೆ ಅಥವಾ ಹರಿದರೆ ಹೊಸದನ್ನು ತರಬೇಕು. ತಾಯಂದಿರ ಮೂಗುಬೊಟ್ಟಿನ ವಿಷಯವನ್ನು ಯಾರೂ ಹೇಳುವುದಿಲ್ಲ. ಗವಸಿನ ಅಂಚು ಮೂಗುಬೊಟ್ಟನ್ನು ಒತ್ತಿದರೆ ಒಂದೇ ರಾತ್ರಿಯಲ್ಲಿ ಗಾಯವಾಗಬಹುದು. ರಾತ್ರಿ ಮಾತ್ರ ತೆಗೆದಿಡುವುದು ಉತ್ತಮ. ತೆಗೆಯಲು ಮನಸ್ಸೊಪ್ಪದವರು ಅದನ್ನು ಒತ್ತದಂಥ ಮಾದರಿಯನ್ನು ಕೇಳಿ ಪಡೆಯಬೇಕು.

ಹೊಳ್ಳೆಗಳ ನೋವು

ಹೊಳ್ಳೆಗಳಿಗೆ ತಗಲುವ ಎರಡು ಮೆದು ಬಿರಡೆಗಳಂಥ ಗವಸನ್ನು ಬಳಸುವವರಿಗೆ ಮೊದಲ ದಿನಗಳಲ್ಲಿ ಹೊಳ್ಳೆಗಳ ಅಂಚು ಕೆಂಪಾಗುವುದುಂಟು. ಬಿರಡೆಗಳು ಹೊಳ್ಳೆಯೊಳಕ್ಕೆ ತೂರಿಕೊಳ್ಳಬಾರದು, ಅಂಚಿಗೆ ಮೆಲ್ಲನೆ ಕೂರಬೇಕು. ಚಿಕ್ಕವಾದರೆ ಒಳಗೆ ಹೊಕ್ಕು ಚುಚ್ಚುತ್ತವೆ. ದೊಡ್ಡವಾದರೆ ಹೊಳ್ಳೆಯನ್ನು ಹಿಗ್ಗಿಸುತ್ತವೆ. ನೀರಿನ ಅಂಶದಿಂದ ತಯಾರಾದ, ಮೂಗಿಗೆಂದೇ ಮಾಡಿದ ಜೆಲ್ಲನ್ನು ತೆಳುವಾಗಿ ಹಚ್ಚಿದರೆ ಉಜ್ಜುವಿಕೆ ಕಡಿಮೆಯಾಗುತ್ತದೆ.

ಇಲ್ಲಿ ನಮ್ಮ ಹಿರಿಯರ ಮನೆಮದ್ದುಗಳ ವಿಷಯದಲ್ಲಿ ಒಂದು ಮಾತು ಹೇಳಬೇಕಾಗಿದೆ. ಪೆಟ್ರೋಲಿಯಂ ಮುಲಾಮು, ನೆಗಡಿಗೆ ಹಚ್ಚುವ ಬಾಮು, ಕೊಬ್ಬರಿ ಎಣ್ಣೆ, ತುಪ್ಪ ಇವನ್ನು ಗವಸು ಧರಿಸುವ ಮುನ್ನ ಮೂಗಿಗೆ ಹಚ್ಚುವುದು ಹಿತವಲ್ಲ. ಜಿಡ್ಡು ಸಿಲಿಕೋನ್ ಮೆತ್ತೆಯನ್ನು ಕೆಡಿಸುತ್ತದೆ. ಅದಕ್ಕೂ ಹೆಚ್ಚಾಗಿ, ಮೂಗಿನೊಳಗೆ ಹಾಕಿದ ಎಣ್ಣೆಯ ಅಂಶವು ಶ್ವಾಸಕೋಶವನ್ನು ಸೇರುತ್ತ ಹೋದರೆ ಒಂದು ಬಗೆಯ ನ್ಯುಮೋನಿಯಾ ಉಂಟಾಗುವ ಸಂಭವವಿದೆ. ಬಾಮಿನ ಘಾಟು ಗವಸಿನೊಳಗೆ ಸೇರಿ ಉರಿಯನ್ನು ಹೆಚ್ಚಿಸೀತೇ ಹೊರತು ತಣಿಸದು.

ಮೂಗಿನೊಳಗಿನ ಉರಿ

ನಮ್ಮ ಮೂಗು ಸಹಜವಾಗಿಯೇ ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ ಒಳಗೆ ಬಿಡುತ್ತದೆ. ಯಂತ್ರದ ಬಿರುಗಾಳಿಗೆ ಆ ಶಕ್ತಿ ಸಾಲದಾದಾಗ ಒಳಪೊರೆ ಒಣಗಿ ಉರಿಯುತ್ತದೆ, ಒಮ್ಮೊಮ್ಮೆ ರಕ್ತವೂ ಒಸರುತ್ತದೆ. ಬಾಯಿ ತೆರೆದು ಮಲಗುವವರಲ್ಲಿ ಇದು ಇನ್ನೂ ಹೆಚ್ಚು. ಗಾಳಿ ಮೂಗಿನಿಂದ ಹೊಕ್ಕು ಬಾಯಿಂದ ಹೊರಟುಹೋಗುವುದರಿಂದ, ಹೊರಬರುವ ಉಸಿರಿನ ತೇವ ಮೂಗಿಗೆ ಮರಳುವುದೇ ಇಲ್ಲ. ಒಣಗಿದ ಪೊರೆ ಊದಿಕೊಂಡು ಮೂಗು ಕಟ್ಟುತ್ತದೆ. ಮೂಗು ಕಟ್ಟಿದಾಗ ಬಾಯಿ ಇನ್ನಷ್ಟು ತೆರೆದುಕೊಳ್ಳುತ್ತದೆ.

ಇದಕ್ಕೆ ಮುಖ್ಯ ಪರಿಹಾರ ಗಾಳಿಗೆ ತೇವ ಕೊಡುವುದು. ಯಂತ್ರದ ಜೊತೆಗೇ ಹ್ಯುಮಿಡಿಫೈಯರ್ ಎಂಬ ನೀರು ಕಾಯಿಸುವ ಚಿಕ್ಕ ತೊಟ್ಟಿ ದೊರೆಯುತ್ತದೆ. ಕಲಬುರಗಿ, ರಾಯಚೂರಿನಂಥ ಕಡೆಗಳ ಒಣ ಬೇಸಿಗೆಯಲ್ಲಿ ಅದನ್ನು ಹೆಚ್ಚಿನ ಮಟ್ಟದಲ್ಲಿಯೂ, ಕರಾವಳಿಯ ತೇವದ ಹವೆಯಲ್ಲಿ ಕಡಿಮೆ ಮಟ್ಟದಲ್ಲಿಯೂ ಇಡಬೇಕಾದೀತು. ತೊಟ್ಟಿಗೆ ಡಿಸ್ಟಿಲ್ಡ್ ನೀರನ್ನು ಹಾಕಬೇಕು. ಕೊಳವೆಬಾವಿಯ ಗಡಸು ನೀರು ಬಿಳಿಯ ಪದರವನ್ನು ಕಟ್ಟುತ್ತದೆ. ಉಳಿದ ನೀರನ್ನು ಪ್ರತಿದಿನ ಚೆಲ್ಲಿ ತೊಟ್ಟಿಯನ್ನು ತೊಳೆದು ಒಣಗಿಸಬೇಕು. ಚಳಿಗಾಲದಲ್ಲಿ ಕೊಳವೆಯೊಳಗೆ ನೀರಿನ ಹನಿಗಟ್ಟಿದರೆ ತೇವದ ಮಟ್ಟವನ್ನು ತುಸು ಇಳಿಸಿ, ಕೊಳವೆಗೆ ಬಟ್ಟೆ ಸುತ್ತಿ, ಯಂತ್ರವನ್ನು ತಲೆದಿಂಬಿಗಿಂತ ಕೆಳಗಿಡಬೇಕು.

ಮಲಗುವ ಮುನ್ನ ಔಷಧದ ಅಂಗಡಿಯಲ್ಲಿ ದೊರೆಯುವ ಉಪ್ಪುನೀರಿನ ಸ್ಪ್ರೇಯಿಂದ ಮೂಗನ್ನು ತೇವಗೊಳಿಸುವುದು ಸುಲಭವಾದ ಉಪಾಯ. ಜಲನೇತಿಯ ಅಭ್ಯಾಸವುಳ್ಳವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು; ನಲ್ಲಿಯ ನೀರು ಮೂಗಿಗೆ ಸುರಕ್ಷಿತವಲ್ಲ. ಮೂಗು ಬಿಡಿಸುವ ಹನಿಗಳನ್ನು ಮೂರು ನಾಲ್ಕು ದಿನ ಮೀರಿ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟುತ್ತದೆ. ಧೂಳಿನ ಅಲರ್ಜಿ ಇದ್ದವರು ಮೊದಲು ಅದಕ್ಕೆ ಚಿಕಿತ್ಸೆ ಪಡೆಯಬೇಕು. ಬಾಯಿ ತೆರೆಯುವ ರೂಢಿಯುಳ್ಳವರಿಗೆ ಗಲ್ಲಕ್ಕೆ ಕಟ್ಟುವ ಪಟ್ಟಿ ಅಥವಾ ಮೂಗು-ಬಾಯಿ ಎರಡನ್ನೂ ಮುಚ್ಚುವ ಗವಸು ನೆರವಾಗಬಹುದು. ಗಾಳಿಯ ಒತ್ತಡವು ಸಾಮಾನ್ಯವಾಗಿ ನೀರಿನ 4ರಿಂದ 20 ಸೆಂಟಿಮೀಟರ್ ಮಟ್ಟದೊಳಗಿರುತ್ತದೆ. ಅದನ್ನು ವೈದ್ಯರೇ ನಿಗದಿಪಡಿಸಬೇಕು, ನಾವಾಗಿಯೇ ಬದಲಿಸಬಾರದು. ಆದರೆ ಕಡಿಮೆ ಒತ್ತಡದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸುವ ಏರ್ಪಾಡು ಅನೇಕ ಯಂತ್ರಗಳಲ್ಲಿದೆ. ಅದನ್ನು ಬಳಸುವ ಬಗೆಯನ್ನು ಕೇಳಿ ತಿಳಿಯಬೇಕು.

ಮನೆಯವರ ಪಾತ್ರ

ಗವಸು ಧರಿಸಿದವರಿಗೆ ತಮ್ಮ ಸೋರಿಕೆ ತಿಳಿಯದು. ಪಕ್ಕದಲ್ಲಿ ಮಲಗಿದವರಿಗೆ ತಿಳಿಯುತ್ತದೆ. ಎಲ್ಲಿಂದ ಸುಯ್ಯೆನ್ನುವ ಸದ್ದು ಬರುತ್ತದೆ, ಬಾಯಿ ತೆರೆಯುತ್ತದೆಯೇ, ಯಾವ ಮಗ್ಗುಲಲ್ಲಿ ಗವಸು ಜರುಗುತ್ತದೆ ಎಂಬುದನ್ನು ಗಮನಿಸಿ ಬೆಳಗ್ಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆಯೇ. ಹಗಲಿನಲ್ಲಿ ಪತ್ರಿಕೆ ಓದುತ್ತಲೋ ದೂರದರ್ಶನ ನೋಡುತ್ತಲೋ ಅರ್ಧ ಗಂಟೆ ಗವಸು ಧರಿಸಿ ಕುಳಿತರೆ ಮುಖಕ್ಕೂ ಮನಸ್ಸಿಗೂ ರೂಢಿಯಾಗುತ್ತದೆ. ಆಗ ಮಕ್ಕಳು ಮೊಮ್ಮಕ್ಕಳು ನಗೆಯಾಡದಂತೆ ಹಿರಿಯರು ತಿಳಿಹೇಳಬೇಕು. ಎಷ್ಟೋ ಜನ ನೋವಿಗಿಂತ ನಾಚಿಕೆಗೇ ಯಂತ್ರವನ್ನು ದೂರವಿಡುತ್ತಾರೆ. ವಿದ್ಯುತ್ ಹೋಗಿ ಯಂತ್ರ ನಿಂತರೆ ಗವಸನ್ನು ತೆಗೆದುಬಿಡಬೇಕೆಂಬುದನ್ನು ಮನೆಯವರೆಲ್ಲರೂ ಅರಿತಿರಬೇಕು. ಜಾತ್ರೆಗೋ ಮದುವೆಗೋ ಪರ ಊರಿಗೆ ಹೊರಟಾಗ ಯಂತ್ರವನ್ನು ಜೊತೆಗೊಯ್ಯಲು ಮರೆಯಬಾರದು.

ವೈದ್ಯರ ಬಳಿಗೆ ಯಾವಾಗ?

ಗವಸು ತೆಗೆದ ಅರ್ಧ ಗಂಟೆಯೊಳಗೆ ಮಾಯುವ ಕೆಂಪು ಗುರುತಿಗೆ ಗಾಬರಿಯಾಗಬೇಕಿಲ್ಲ. ಗುರುತು ದಿನವಿಡೀ ಉಳಿದರೆ, ಚರ್ಮ ಸುಲಿದರೆ, ನೀರು ಅಥವಾ ಕೀವು ಒಸರಿದರೆ, ಮೂಗಿನಿಂದ ಪದೇಪದೇ ರಕ್ತ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಧುಮೇಹಿಗಳಿಗೆ ಗಾಯ ಬೇಗ ಮಾಯದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ರಕ್ತ ಬೇಗ ನಿಲ್ಲದು. ಇವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಗಾಯ ಮಾಯುವವರೆಗೆ ಆ ಜಾಗವನ್ನು ಮುಟ್ಟದ ಬೇರೆ ಗವಸಿನಿಂದ ಚಿಕಿತ್ಸೆಯನ್ನು ಮುಂದುವರಿಸಲು ಸಾಧ್ಯವೇ ಎಂದು ಕೇಳಬೇಕು. ಚಿಕಿತ್ಸೆಯನ್ನೇ ನಿಲ್ಲಿಸುವುದು ಕಟ್ಟಕಡೆಯ ಮಾತಾಗಿರಲಿ.

ಹೊಸ ಪಾದರಕ್ಷೆ ಕಾಲಿಗೆ ಹೊಂದಲು ಕೆಲವು ದಿನ ಬೇಕಾಗುವಂತೆ ಹೊಸ ಗವಸು ಮುಖಕ್ಕೆ ಹೊಂದಲೂ ಕೆಲವು ವಾರ ಬೇಕು. ಓದುಗ ಬಂಧುಗಳ ಮನೆಯಲ್ಲಿ ಯಾರದಾದರೂ ಯಂತ್ರ ಈಗಾಗಲೇ ಅಟ್ಟ ಸೇರಿದ್ದರೆ ಇಂದೇ ಕೆಳಗಿಳಿಸಿ, ಮೆತ್ತೆಯನ್ನು ತೊಳೆದು, ಪಟ್ಟಿಗಳನ್ನೊಮ್ಮೆ ಸಡಿಲಿಸಿ ನೋಡಲಿ. ಮನೆಯ ಹಿರಿಯರೊಬ್ಬರ ರಾತ್ರಿಯ ಉಸಿರು ನಿರಾತಂಕವಾಗಿ ಸಾಗಲು ಅಷ್ಟೇ ಸಾಕಾಗಬಹುದು.