ಸರ್ವೋಪಚಾರವೂ ಶುಶ್ರೂಷೆಯೂ

ಮಹಾರಾಷ್ಟ್ರದ ಕೆಲವು ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯಗಳಿಗೆ ಸೇರಿದ ದೊಡ್ಡ ಆಸ್ಪತ್ರೆಗಳ ಹೆಸರಿನಲ್ಲಿ 'ಸರ್ವೋಪಚಾರ ರುಗ್ಣಾಲಯ' ಎಂಬ ಮಾತು ಇರುತ್ತದೆ. ಸೊಲ್ಲಾಪುರದ ಶ್ರೀ ಛತ್ರಪತಿ ಶಿವಾಜಿ ಮಹಾರಾಜ ಸರ್ವೋಪಚಾರ ರುಗ್ಣಾಲಯ ಇದಕ್ಕೊಂದು ನಿದರ್ಶನ. ಮರಾಠಿಯಲ್ಲಿ 'ಉಪಚಾರ' ಎಂದರೆ ಚಿಕಿತ್ಸೆ. ಕನ್ನಡದಲ್ಲಿ ಅದೇ ಪದ ಹೆಚ್ಚಾಗಿ ಅತಿಥಿಸತ್ಕಾರವನ್ನೂ ಸೌಜನ್ಯದ ನಡೆನುಡಿಯನ್ನೂ ಸೂಚಿಸುತ್ತದೆ. ಎರಡೂ ಶಾಲೆಗಳ ಅಕ್ಷರ ಕಲಿತ ನನ್ನಂಥವರಿಗೆ ಆ ಫಲಕ ಎರಡು ಬಗೆಯಾಗಿ ಓದಿಸಿಕೊಳ್ಳುತ್ತದೆ: ಇಲ್ಲಿ ಎಲ್ಲ ಬಗೆಯ ಚಿಕಿತ್ಸೆ ದೊರೆಯುತ್ತದೆ, ಇಲ್ಲಿ ಎಲ್ಲ ಬಗೆಯ ಆದರ ದೊರೆಯುತ್ತದೆ. ಮೊದಲನೆಯ ಓದು ಬಹುಮಟ್ಟಿಗೆ ನಿಜ. ಎರಡನೆಯದು ಏಕೆ ನಿಜವಾಗಿಲ್ಲ, ಅದಕ್ಕೂ ಭಾಷೆಗೂ ಏನು ಸಂಬಂಧ ಎಂಬುದನ್ನು ಕನ್ನಡ ಐಚ್ಛಿಕದ ವಿದ್ಯಾರ್ಥಿಗಳ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ಪ್ರದೇಶದ ಚರಿತ್ರೆಯನ್ನು ಮೊದಲು ನೆನೆಯಬೇಕು. ವಲಾಂಡಿ ಇಂದು ಲಾತೂರ ಜಿಲ್ಲೆಯ ದೇವಣಿ ತಾಲ್ಲೂಕಿನ ಊರು. ಆದರೆ 1956ರವರೆಗೆ ಉದಗೀರ, ನಿಲಂಗಾ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದವು. ಅಂದಿನವರ ಬಾಯಲ್ಲಿ 'ದೊಡ್ಡ ದವಾಖಾನೆ' ಎಂದರೆ ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆ. 1908ರ ಮೂಸಿ ನದಿಯ ಮಹಾಪೂರದಲ್ಲಿ ಅಫ್ಜಲ್‌ಗಂಜಿನ ಹಳೆಯ ಆಸ್ಪತ್ರೆ ಕೊಚ್ಚಿಹೋದ ಮೇಲೆ ಏಳನೆಯ ನಿಜಾಮರ ಕಾಲದಲ್ಲಿ ಅದು ನದಿಯ ದಡದಲ್ಲಿಯೇ ಎದ್ದು ನಿಂತಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನಮಾಧ್ಯಮವಾಗಿಸಿ, ವೈದ್ಯಶಾಸ್ತ್ರವನ್ನೂ ಆ ಭಾಷೆಯಲ್ಲಿಯೇ ಕಲಿಸಿತು. ಆಧುನಿಕ ವೈದ್ಯವನ್ನು ಭಾರತೀಯ ಭಾಷೆಯೊಂದು ಹೊರಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಉರ್ದು ಅರಿಯದ ಕನ್ನಡ, ಮರಾಠಿ, ತೆಲುಗು ಹಳ್ಳಿಗರು ಆ ಏರ್ಪಾಡಿನಲ್ಲಿಯೂ ಹೊರಗಿನವರೇ. ಪುಸ್ತಕದ ಭಾಷೆ ಬದಲಾದ ಮಾತ್ರಕ್ಕೆ ಹಾಸಿಗೆಯ ಬಳಿಯ ಭಾಷೆ ಬದಲಾಗುವುದಿಲ್ಲ ಎಂಬ ಪಾಠವೂ ಅದರಲ್ಲಿದೆ.

ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ದಾರಿಗಳು ನಾಲ್ಕಾದವು. ಇಂದು ನಮ್ಮ ಕಡೆಯ ರೋಗಿ ಲಾತೂರಿಗೆ ಹೋಗುತ್ತಾನೆ, ಸೊಲ್ಲಾಪುರಕ್ಕೆ ಹೋಗುತ್ತಾನೆ, ಗಡಿ ದಾಟಿ ಬೀದರ ವೈದ್ಯಕೀಯ ವಿಜ್ಞಾನ ಸಂಸ್ಥೆಗೋ ಕಲಬುರಗಿಗೋ ಹೋಗುತ್ತಾನೆ. ಈಚೆಯ ಕಾಲೇಜುಗಳು 1998ರಲ್ಲಿ ಹುಟ್ಟಿದ ನಾಸಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಅಧೀನ. ಬೀದರದ ಸಂಸ್ಥೆ 1996ರ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಅಧೀನ. ರೋಗಿಗೆ ಈ ಭೇದ ತಿಳಿಯದು. ಬಸ್ಸು ಎಲ್ಲಿಗಿದೆ, ಪರಿಚಯದವರು ಎಲ್ಲಿದ್ದಾರೆ, ಪಡಿತರ ಚೀಟಿ ಎಲ್ಲಿ ನಡೆಯುತ್ತದೆ ಎಂಬ ಮೂರು ಪ್ರಶ್ನೆಗಳ ಮೇಲೆ ಅವನ ಆಯ್ಕೆ ನಿಂತಿದೆ.

ಬೋಧನಾ ಆಸ್ಪತ್ರೆಯೊಂದರಲ್ಲಿ ರೋಗಿಗೆ ಆಗುವ ಮೊದಲ ಅನುಭವ ಮಾತಿನದು. ಕೇಸ್‌ಪೇಪರ್ ಮಾಡಿಸಿ, ಸಾಲಿನಲ್ಲಿ ನಿಂತು, ಕೊನೆಗೆ ಕಿರಿಯ ವೈದ್ಯನೆದುರು ಕುಳಿತಾಗ 'ಏನು ತ್ರಾಸು?' ಎಂಬ ಪ್ರಶ್ನೆ ಬರುತ್ತದೆ. ಮುಖ್ಯ ದೂರನ್ನು ರೋಗಿಯ ಸ್ವಂತ ಮಾತುಗಳಲ್ಲಿಯೇ ಬರೆದುಕೊಳ್ಳಬೇಕು ಎಂಬುದು ವೈದ್ಯವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಇದು ಬರಿಯ ಸೌಜನ್ಯದ ನಿಯಮವಲ್ಲ. 1975ರಲ್ಲಿ ಬ್ರಿಟನ್ನಿನಲ್ಲಿ ಹ್ಯಾಂಪ್ಟನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ 80 ಹೊಸ ಹೊರರೋಗಿಗಳ ಪೈಕಿ 66 ಮಂದಿಯ ವಿಷಯದಲ್ಲಿ, ಕಳುಹಿಸಿದ ವೈದ್ಯರ ಪತ್ರವನ್ನು ಓದಿ ರೋಗಿಯ ಮಾತನ್ನು ಕೇಳಿದ ಮೇಲೆ ಮಾಡಿದ ನಿರ್ಣಯವೇ ಕೊನೆಯ ನಿರ್ಣಯವಾಗಿತ್ತು. ದೇಹಪರೀಕ್ಷೆ ಮತ್ತು ಪ್ರಯೋಗಾಲಯಗಳು ನಿರ್ಣಯವನ್ನು ಬದಲಿಸಿದ್ದು ತಲಾ ಏಳು ಮಂದಿಯಲ್ಲಿ ಮಾತ್ರ. ಅಂದಿನಿಂದ ಯಂತ್ರಗಳು ಬಹಳ ಬೆಳೆದಿವೆ, ನಿಜ. ಆದರೆ ಯಾವ ಯಂತ್ರದ ಬಳಿಗೆ ಕಳುಹಿಸಬೇಕೆಂಬುದನ್ನು ಇಂದಿಗೂ ರೋಗಿಯ ಮಾತೇ ತಿಳಿಸಬೇಕು.

ಗಡಿನಾಡಿನಲ್ಲಿ ಈ 'ಸ್ವಂತ ಮಾತು' ಎಷ್ಟು ಕೈ ಬದಲಾಯಿಸುತ್ತದೆ ನೋಡಿ. ಮುದುಕಿ ತನ್ನ ಕನ್ನಡದಲ್ಲಿ ಹೇಳುತ್ತಾಳೆ. ಮಗ ಅದನ್ನು ಮರಾಠಿಯಲ್ಲಿ ಹೇಳುತ್ತಾನೆ. ದೂರದ ಊರಿನಿಂದ ಕಲಿಯಲು ಬಂದ ವೈದ್ಯ ಅದನ್ನು ಹಿಂದಿಯಲ್ಲಿ ಮರಳಿ ಕೇಳಿ ಇಂಗ್ಲಿಷಿನಲ್ಲಿ ಬರೆಯುತ್ತಾನೆ. 'ಸಳಕ ಹೊಡೀತದ', 'ಹೊಟ್ಟಿ ಕಡೀತದ', 'ಎದಿ ಉರೀತದ', 'ಜೀವ ಕಳವಳಸ್ತದ', 'ಮೈ ಮುರೀತದ' ಎಂಬ ಐದು ಬೇರೆ ಬೇರೆ ಅನುಭವಗಳು ಕಾಗದದ ಮೇಲೆ 'ನೋವು' ಎಂಬ ಒಂದೇ ಪದವಾಗಿ ಇಳಿದರೆ ಅಚ್ಚರಿಯಿಲ್ಲ. ಇವುಗಳ ನಡುವಣ ವ್ಯತ್ಯಾಸವೇ ನರದ ತೊಂದರೆ, ಕರುಳಿನ ತೊಂದರೆ, ಹೃದಯದ ತೊಂದರೆಗಳ ನಡುವಣ ವ್ಯತ್ಯಾಸವಾಗಿರಬಹುದು.

ಇನ್ನೊಂದು ಅಪಾಯ ರೂಪ ಒಂದೇ ಆಗಿದ್ದು ಅರ್ಥ ಬೇರೆಯಾದ ಪದಗಳದು. ಕನ್ನಡದಲ್ಲಿ 'ಹೊಟ್ಟೆಯಲ್ಲಿ ಸಂಕಟ' ಎಂದರೆ ದೇಹದ ಯಾತನೆ. ಮರಾಠಿಯಲ್ಲಿ 'ಸಂಕಟ' ಎಂದರೆ ಆಪತ್ತು. ಮರಾಠಿಯಲ್ಲಿ 'ಅವಸಾನ ಗಳಾಲೆ' ಎಂದರೆ ಧೈರ್ಯವೋ ತ್ರಾಣವೋ ಉಡುಗಿತು ಎಂದರ್ಥ. ಕನ್ನಡದಲ್ಲಿ 'ಅವಸಾನ' ಎಂದರೆ ಸಾವು. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಅರೆಬರೆ ಮರಾಠಿ ಬಲ್ಲ ಕನ್ನಡದ ತಂದೆಯೊಬ್ಬನ ಕಿವಿಗೆ ಈ ಪದ ಬಿದ್ದರೆ ಏನಾದೀತು? ಭಾಷಾವಿಜ್ಞಾನದ ತರಗತಿಯಲ್ಲಿ ನಾವು ಅರ್ಥವ್ಯತ್ಯಾಸವೆಂದು ಓದುವ ವಿಷಯ ಅಲ್ಲಿ ಎದೆಯೊಡೆಯುವ ಸುದ್ದಿಯಾಗಬಲ್ಲದು. ಇದಲ್ಲದೆ ಹೆಂಗಸರು ಮರೆಯಿಟ್ಟು ಆಡುವ ಮಾತುಗಳಿವೆ. 'ಹೊರಗಾಗಿದ್ದಾಳೆ' ಎಂಬುದನ್ನು ಅಕ್ಷರಶಃ ಅನುವಾದಿಸಿದರೆ ಮುಟ್ಟಿನ ಸಂಗತಿ ಮಾಯವಾಗಿ ಬಾಗಿಲಾಚೆ ಕುಳಿತ ಹೆಂಗಸೊಬ್ಬಳು ಉಳಿಯುತ್ತಾಳೆ.

ಇಲ್ಲಿ ರೋಗಿಯ ಜೊತೆಗೆ ಬಂದವರ ಪಾಡನ್ನೂ ಗಮನಿಸಬೇಕು. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಸಂಗಡಿಗನೆಂದರೆ ನೋಡಿಹೋಗಲು ಬಂದ ಅತಿಥಿಯಲ್ಲ, ಸಂಬಳವಿಲ್ಲದ ಸಿಬ್ಬಂದಿ. ಗಾಲಿಕುರ್ಚಿ ತಳ್ಳುವವನು, ರಕ್ತದ ಮಾದರಿ ಒಯ್ಯುವವನು, ಔಷಧಿ ತರುವವನು, ರಾತ್ರಿ ಪಡಸಾಲೆಯಲ್ಲಿ ಚಾದರ ಹಾಸಿ ಮಲಗುವವನು ಅವನೇ. ಇವೆಲ್ಲದರ ಮೇಲೆ ದುಭಾಷಿಯ ಕೆಲಸವನ್ನೂ ಅವನ ಹೆಗಲಿಗೆ ಹೊರಿಸಲಾಗಿದೆ. ಅವನಿಗೆ ಆ ಕೆಲಸ ಏಕೆ ಒಪ್ಪದು? ಅವನು ತಟಸ್ಥನಲ್ಲ. ತಾಯಿಗೆ ಭಯವಾದೀತೆಂದು ಮಗ ಅರ್ಧ ಮುಚ್ಚುತ್ತಾನೆ; ನಾಚಿಕೆಯೆಂದು ಸೊಸೆ ಅರ್ಧ ನುಂಗುತ್ತಾಳೆ; ಗಂಡನೆದುರು ಹೆಂಡತಿ ತನ್ನ ನೋವಿನ ಕಾರಣ ಹೇಳಲಾರಳು. ಮರಾಠಿ ಶಾಲೆಯಲ್ಲಿ ಓದುವ ಹತ್ತು ವರ್ಷದ ಹುಡುಗಿ ಅಜ್ಜಿಯ ಗರ್ಭಕೋಶದ ಸಂಗತಿಯನ್ನು ವೈದ್ಯರಿಗೆ ಹೇಳಬೇಕಾದ ಸನ್ನಿವೇಶ ನಮ್ಮ ಕಡೆ ಅಪರೂಪವೆನ್ನಲಾರೆ. ಅಮೆರಿಕದಲ್ಲಿ 2016ರ ಆರೋಗ್ಯ ನಿಯಮಗಳು ತುರ್ತುಸಂದರ್ಭದ ಹೊರತು ಮಕ್ಕಳನ್ನು ದುಭಾಷಿಗಳಾಗಿ ಬಳಸಬಾರದೆಂದು ನಿರ್ಬಂಧಿಸಿದವು. ಹತ್ತಾರು ಭಾಷೆಗಳ ನಾಡಾದ ನಮ್ಮಲ್ಲಿ ಆ ಪ್ರಶ್ನೆ ಕೇಳಿಬರುವುದೇ ವಿರಳ.

ಶಸ್ತ್ರಕ್ರಿಯೆಯ ಒಪ್ಪಿಗೆ ಪತ್ರದಲ್ಲಿ ಈ ಕೊರತೆ ಕಾನೂನಿನ ಮಾತಾಗುತ್ತದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷಯವನ್ನು ವಿಚಾರಿಸಿತು. ರೋಗಿ ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿಯ ಒಪ್ಪಿಗೆ ಪಡೆದು ದೊಡ್ಡ ಶಸ್ತ್ರಕ್ರಿಯೆ ನಡೆದಿತ್ತು. ಪ್ರಾಣಾಪಾಯದ ತುರ್ತಿಲ್ಲದಿರುವಾಗ, ಬುದ್ಧಿಸ್ವಾಧೀನವುಳ್ಳ ವಯಸ್ಕಳ ಪರವಾಗಿ ಬೇರೊಬ್ಬರ ಒಪ್ಪಿಗೆ ಸಲ್ಲದು. ಒಪ್ಪಿಗೆಯ ಹಿಂದೆ ಸಾಕಷ್ಟು ತಿಳಿವಳಿಕೆ ಇರಬೇಕು ಎಂಬುದು ತೀರ್ಪಿನ ಸಾರ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಮುಂದಿಟ್ಟ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ತಿಳಿದ ಭಾಷೆಯಲ್ಲಿ ವಿವರಿಸಬೇಕೆಂದು ಹೇಳುತ್ತದೆ. ಇವೆರಡನ್ನೂ ಜೋಡಿಸಿ ಓದಿದರೆ, ಅರಿಯದ ಭಾಷೆಯ ಕಾಗದದ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟು ಒಪ್ಪಿಗೆಯೆನಿಸಲಾರದು.

ಇದಕ್ಕೆ ಎರಡು ಆಕ್ಷೇಪಗಳಿವೆ. ಗಡಿಯ ಕನ್ನಡಿಗರಿಗೆಲ್ಲ ಮರಾಠಿ ಬರುತ್ತದೆ, ಮತ್ತೇಕೆ ಈ ಚಿಂತೆ ಎಂಬುದು ಒಂದು. ಬಾಜಾರದ ಮರಾಠಿ ಬೇರೆ, ಬೇನೆಯ ಮರಾಠಿ ಬೇರೆ. ಜೋಳದ ಧಾರಣೆ ಕೇಳಬಲ್ಲ ಹೆಂಗಸು ಹೆರಿಗೆಯ ಬೇನೆಯಲ್ಲಿ ಕೂಗುವುದು ತಾಯಿಭಾಷೆಯಲ್ಲಿ. ಹೊರಗೆ ತಿರುಗಾಡಿದ ಗಂಡಸರಿಗಿರುವಷ್ಟು ಎರಡನೆಯ ಭಾಷೆ ಮನೆ-ಹೊಲಗಳಲ್ಲಿಯೇ ಬಾಳಿದ ಮುದುಕಿಯರಿಗೆ ಇರುವುದಿಲ್ಲ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ದಿನಕ್ಕೆ ನೂರಾರು ರೋಗಿಗಳನ್ನು ನೋಡಬೇಕಾದ ವೈದ್ಯರಿಗೆ ಮಾತಿಗೆ ಸಮಯವೆಲ್ಲಿ? ಈ ಒತ್ತಡ ನಿಜ. ಕಿರಿಯ ವೈದ್ಯರ ದುಡಿಮೆಯನ್ನು ಹತ್ತಿರದಿಂದ ಕಂಡವರು ಅವರನ್ನು ಹಗುರವಾಗಿ ನಿಂದಿಸಲಾರರು. ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕ 2009ರಲ್ಲಿ, ಮಹಾರಾಷ್ಟ್ರ 2010ರಲ್ಲಿ ಕಾಯಿದೆ ತಂದವು. ಹಲ್ಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಏನಾಯಿತೆಂದು ಯಾರೂ ತನ್ನ ಭಾಷೆಯಲ್ಲಿ ಹೇಳದೆ ಹೆಣವನ್ನು ಕೈಗೊಪ್ಪಿಸಿದಾಗ ಸಿಟ್ಟು ಅನುಮಾನವಾಗಿ ಬೆಳೆಯುವುದು ಸುಲಭ. ದುಭಾಷಿಯ ನೇಮಕ ವೈದ್ಯರ ಸಮಯವನ್ನೂ ಉಳಿಸುತ್ತದೆ, ಅವರ ಮೈಯನ್ನೂ ಕಾಯುತ್ತದೆ.

ಸರ್ಕಾರಗಳ ಗಮನ ಎಲ್ಲಿದೆ? 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಕರ್ನಾಟಕದ ಗಡಿಯ 865 ಊರುಗಳಿಗೆ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ವಿಸ್ತರಿಸಹೊರಟಿತು. ಕರ್ನಾಟಕ ಅದನ್ನು ಪ್ರತಿಭಟಿಸಿತು. ಗಡಿಯ ರೋಗಿ ಯಾರ ಚೀಟಿ ಹಿಡಿಯಬೇಕೆಂಬ ಬಗ್ಗೆ ಬಹಳ ಚರ್ಚೆಯಾಯಿತು. ಆ ರೋಗಿ ಯಾವ ಭಾಷೆಯಲ್ಲಿ ನರಳುತ್ತಾನೆಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಲಿಲ್ಲ. ನಮ್ಮ ಬೇಡಿಕೆ ಪ್ರಾಮಾಣಿಕವಾಗಿರಬೇಕಾದರೆ ಅದು ಎರಡು ಕಡೆಗೂ ಅನ್ವಯಿಸಬೇಕು. ಲಾತೂರಿನಲ್ಲಿ ಕನ್ನಡದ ಮುದುಕಿಗೆ ಏನನ್ನು ಕೇಳುತ್ತೇವೆಯೋ ಅದನ್ನು ಬೀದರದಲ್ಲಿ ಮರಾಠಿಯ ಮುದುಕನಿಗೂ ಕೇಳಬೇಕು. ಇದು ಭಾಷಾಭಿಮಾನದ ವಾದವಲ್ಲ, ರೋಗಿಯ ವಾದ.

ಈಗ ನಮ್ಮ ಕಡೆಗೆ ತಿರುಗೋಣ. ಕನ್ನಡ ಸಾಹಿತ್ಯಚರಿತ್ರೆಯಲ್ಲಿ ನೀವು ಮಂಗರಾಜನ 'ಖಗೇಂದ್ರಮಣಿದರ್ಪಣ'ದ ಹೆಸರು ಓದುತ್ತೀರಿ. ಹದಿನಾಲ್ಕನೆಯ ಶತಮಾನದಲ್ಲಿ ವಿಷವೈದ್ಯವನ್ನು ಕನ್ನಡದಲ್ಲಿ ಹೇಳಿದ ಕೃತಿಯದು. ಕಲ್ಯಾಣದ ಚಾಲುಕ್ಯವಂಶದ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆರಂಭದಲ್ಲಿ 'ಗೋವೈದ್ಯ'ವನ್ನು ರಚಿಸಿದ. ಆ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ನಮಗೆ ನೆರೆಯೂರು. ದೇವಣಿ ತಳಿಯ ದನಗಳ ನಾಡು ನಮ್ಮದು. ಒಂಬೈನೂರು ವರ್ಷಗಳ ಹಿಂದೆ ಈ ನೆಲದಲ್ಲಿ ಹಸುವಿನ ರೋಗಕ್ಕೆ ಕನ್ನಡದ ಮಾತು ಸಿಕ್ಕಿತ್ತು. ಇಂದು ಅದೇ ನೆಲದ ಹೆಂಗಸಿನ ಬೇನೆಗೆ ಆಸ್ಪತ್ರೆಯ ಕಾಗದದಲ್ಲಿ ಕನ್ನಡದ ಮಾತಿಲ್ಲ. ಪಠ್ಯವನ್ನು ಪರೀಕ್ಷೆಗೆಂದು ಓದಿ ಮುಚ್ಚಿಟ್ಟರೆ ಈ ವ್ಯಂಗ್ಯ ನಮಗೆ ಕಾಣಿಸದು.

ಆದುದರಿಂದ ವಿಭಾಗದ ವಿದ್ಯಾರ್ಥಿಗಳಿಗೆ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಮೊದಲನೆಯದು, ಪದಸಂಗ್ರಹ. ವಲಾಂಡಿ, ದೇವಣಿ, ನಿಲಂಗಾ, ಉದಗೀರ, ಉಮರ್ಗಾ ಭಾಗದ ಮನೆಗಳಲ್ಲಿ ನೋವು, ಜ್ವರ, ಹೆರಿಗೆ, ಮುಟ್ಟು, ಉಸಿರು, ತಲೆಸುತ್ತುಗಳಿಗೆ ಹಿರಿಯರು ಬಳಸುವ ಮಾತುಗಳನ್ನು ಅವರು ಆಡಿದಂತೆಯೇ ಬರೆದುಕೊಳ್ಳಿ. ಎದುರಿಗೆ ಮರಾಠಿ ಸಮಾನಪದವನ್ನೂ, ಮೋಸಗೊಳಿಸುವ ಪದಗಳಿದ್ದರೆ ಅವನ್ನೂ ಗುರುತಿಸಿ. ಹೆಂಗಸರ ಮಾತುಗಳನ್ನು ವಿದ್ಯಾರ್ಥಿನಿಯರೇ ಸಂಗ್ರಹಿಸಲಿ. ಎರಡನೆಯದು, ಅದನ್ನು ವೈದ್ಯರಿಂದ ಪರಿಶೀಲಿಸಿ ಕಿರುಹೊತ್ತಗೆಯಾಗಿಸಿ ಸಮೀಪದ ವೈದ್ಯಕೀಯ ಕಾಲೇಜುಗಳಿಗೆ ಕೊಡುವುದು. 2019ರಿಂದ ಜಾರಿಗೆ ಬಂದ ವೈದ್ಯಶಿಕ್ಷಣದ ಹೊಸ ಪಠ್ಯಕ್ರಮದ ಅಡಿಪಾಯ ತರಗತಿಗಳಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ, ಮುಂದಿನ ವರ್ಷಗಳಲ್ಲಿ ರೋಗಿಯೊಡನೆ ಸಂವಹನದ ಪಾಠಕ್ಕೂ ಎಡೆಯಿದೆ. ಅಲ್ಲಿ ನಮ್ಮ ಹೊತ್ತಗೆ ಉಪಯೋಗಕ್ಕೆ ಬರಬಹುದು. ಮೂರನೆಯದು, ದುಭಾಷಿಯ ಧರ್ಮವನ್ನು ಕಲಿಯುವುದು. ಹೇಳಿದ್ದನ್ನೆಲ್ಲ ಹೇಳಬೇಕು, ಹೇಳದ್ದನ್ನು ಸೇರಿಸಬಾರದು, ತಿಳಿಯದಿದ್ದರೆ ಮರಳಿ ಕೇಳಬೇಕು, ಕೇಳಿದ್ದನ್ನು ಹೊರಗೆ ಆಡಬಾರದು. ಅನುವಾದದ ಪತ್ರಿಕೆಯಲ್ಲಿ ನಾವು ಕಲಿಸುವ ನಿಷ್ಠೆ ಇದೇ. ಅಲ್ಲಿ ಅಂಕ ಕಳೆಯುತ್ತದೆ, ಇಲ್ಲಿ ಆರೋಗ್ಯ ಕಳೆಯುತ್ತದೆ.

ಇಷ್ಟರಿಂದ ಆಸ್ಪತ್ರೆಗಳ ಹೊಣೆ ಇಳಿಯುವುದಿಲ್ಲ. ನೋಂದಣಿಯ ಚೀಟಿಯಲ್ಲಿ ಹೆಸರು, ವಯಸ್ಸುಗಳ ಜೊತೆಗೆ ರೋಗಿಯ ಭಾಷೆಯನ್ನೂ ಬರೆಯುವುದಕ್ಕೆ ಖರ್ಚಿಲ್ಲ. ಗಡಿಜಿಲ್ಲೆಯ ಪ್ರತಿ ಬೋಧನಾ ಆಸ್ಪತ್ರೆಯಲ್ಲಿ ನೆರೆಭಾಷೆಯ ದುಭಾಷಿಗಳನ್ನು ಹಗಲಿಗೊಬ್ಬರು ರಾತ್ರಿಗೊಬ್ಬರಂತೆ ನೇಮಿಸುವುದು, ಬಿಡುಗಡೆಯ ಚೀಟಿಯಲ್ಲಿನ ಔಷಧಿಯ ಕ್ರಮವನ್ನು ರೋಗಿಯ ಭಾಷೆಯಲ್ಲಿ ಬರೆದುಕೊಡುವುದು ಸರ್ಕಾರಕ್ಕೆ ಅಸಾಧ್ಯವಲ್ಲ. ಕನ್ನಡ ಓದಿದವರಿಗೆ ಅಲ್ಲಿ ಗೌರವದ ಉದ್ಯೋಗವೂ ಉಂಟಾದೀತು.

ರೋಗಿಯ ಸೇವೆಗೆ ಕನ್ನಡವೂ ಮರಾಠಿಯೂ 'ಶುಶ್ರೂಷೆ' ಎನ್ನುತ್ತವೆ. ಸಂಸ್ಕೃತದ 'ಶ್ರು' ಧಾತುವಿನಿಂದ ಹುಟ್ಟಿದ ಈ ಪದದ ಮೂಲಾರ್ಥ ಕೇಳುವ ಇಚ್ಛೆ. ಕೇಳುವ ಇಚ್ಛೆಯಿಂದ ಸೇವೆಯ ಅರ್ಥ ಬೆಳೆದುಬಂದಿತು. ಕೇಳುವ ಕಿವಿಯನ್ನು ಒದಗಿಸುವುದು ಆಸ್ಪತ್ರೆಯ ಕೆಲಸ. ಕೇಳಿಸಬೇಕಾದ ಮಾತುಗಳನ್ನು ಕೂಡಿಹಾಕುವುದು ನಮ್ಮದು. ಬರುವ ರಜೆಯಲ್ಲಿ ಊರಿಗೆ ಹೋದಾಗ ಒಂದು ನೋಟುಬುಕ್ಕು ಒಯ್ಯಿರಿ.