ವಾರದ ರಜೆ, ಊರ ಕೆರೆ ಮತ್ತು ಗಾಳದ ವಿದ್ಯೆ

ದುಡಿಯುವವನಿಗೆ ವಿಶ್ರಾಂತಿ ಬೇಕೆಂಬ ಮಾತನ್ನು ಈಗ ಬಹಿರಂಗವಾಗಿ ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ವಿಶ್ರಾಂತಿಯ ದಿನವನ್ನು ಅವನು ಹೇಗೆ ಕಳೆಯಬೇಕೆಂಬ ವಿಚಾರ ನಮ್ಮಲ್ಲಿ ನಡೆದುದು ಬಹಳ ಕಡಿಮೆ. ನಮ್ಮ ಹೋಟೆಲ್ ಬಂಧುಗಳ ರಜೆಯ ದಿನವನ್ನು ನಾವು ಹತ್ತಿರದಿಂದ ಬಲ್ಲೆವು. ಅರ್ಧ ದಿನ ನಿದ್ದೆಗೆ, ಒಂದು ಗಂಟೆ ಬಟ್ಟೆ ಒಗೆಯುವುದಕ್ಕೆ, ಉಳಿದುದು ಮೊಬೈಲಿನ ಪರದೆಗೆ. ಸಂಜೆಯಾಗುವಾಗ ನಾಳೆಯ ಮುಂಜಾನೆಯ ಪಾಳಿಯ ಚಿಂತೆ. ಗುಮಾಸ್ತರ ಭಾನುವಾರವೂ ಇದಕ್ಕಿಂತ ಬಹಳ ಬೇರೆಯಲ್ಲ. ಆದುದರಿಂದಲೇ ಅಮೇರಿಕದ ಸಾಮಾನ್ಯ ದುಡಿಮೆಗಾರರು ತಮ್ಮೂರ ಕೆರೆಯಲ್ಲಿ ಕಿರುದೋಣಿಯೊಂದರ ಮೇಲೆ ಕುಳಿತು ಬಾಸ್ ಮೀನಿಗೆ ಗಾಳ ಹಾಕಲು ಕಲಿಯುವ ಬಗೆಯನ್ನು ವಾಚಕರ ಮುಂದಿಡಲು ನಾವು ಇಚ್ಛಿಸಿದ್ದೇವೆ.

ಇಡ್ಲಿ ಸಾಂಬಾರು ಬಡಿಸುವವರಿಗೆ ಮೀನಿನ ಮಾತೇಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಮೀನು ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ. ಬಾಸ್ ಮೀನಿನ ಗಾಳಗಾರರಲ್ಲಿ ಅನೇಕರು ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರೆ. ಅಲ್ಲಿಯ ಬಾಸ್ ಗಾಳಗಾರರ ದೊಡ್ಡ ಸಂಘವೊಂದು 1972ರಿಂದಲೇ ತನ್ನ ಪಂದ್ಯಗಳಲ್ಲಿ ಮೀನನ್ನು ಕೊಲ್ಲದಿರುವ ಪದ್ಧತಿಯನ್ನು ರೂಢಿಗೆ ತಂದಿತು. ಈ ಲೇಖನದಲ್ಲಿ ನಮಗೆ ಮುಖ್ಯವಾದುದು ವಿದ್ಯೆ. ಅಡುಗೆಯ ಪ್ರಶ್ನೆಯನ್ನು ಅವರವರ ಮನೆಗೆ ಬಿಡೋಣ.

ಆ ಕಿರುದೋಣಿಯ ಹೆಸರು ಕಯಾಕ್. ಕಿವಿಗೆ ನಮ್ಮ ‘ಕಾಯಕ’ದಂತೆ ಕೇಳಿಸಿದರೂ ಎರಡಕ್ಕೂ ಸಂಬಂಧವಿಲ್ಲ. ಉತ್ತರಧ್ರುವದ ಸಮೀಪದ ಇನುಯಿಟ್ ಜನರು ಮರದ ಇಲ್ಲವೆ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಇದನ್ನು ಕಟ್ಟುತ್ತಿದ್ದರು. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿ ತುಂಗಭದ್ರೆಯನ್ನು ದಾಟುತ್ತಿದ್ದ ನಮ್ಮ ಹರಿಗೋಲಿನ ದೂರದ ಬಂಧುವೆಂದು ಅದನ್ನು ಎಣಿಸಬಹುದು. ಆಕಾರದಲ್ಲಿ ಮಾತ್ರ ಅದು ನಮ್ಮ ಕರಾವಳಿಯ ಪಾತಿದೋಣಿಗೆ ಹತ್ತಿರ. ಇಂದಿನ ಕಯಾಕ್ ಪ್ಲಾಸ್ಟಿಕ್ಕಿನದು. ಮೀನು ಹಿಡಿಯಲು ಬಳಸುವಂಥದು ಸಾಮಾನ್ಯವಾಗಿ 10ರಿಂದ 12 ಅಡಿ ಉದ್ದವಿರುತ್ತದೆ. ಯಂತ್ರ ಬೇಡ, ಎಣ್ಣೆ ಬೇಡ; ಮೋಟಾರಿನ ತಲೆಯ ಮೇಲೆ ಕಟ್ಟಿ ಕೆರೆಗೆ ಒಯ್ಯಬಹುದು. ಹಣವಂತರ ಯಂತ್ರದೋಣಿಯ ಬೆಲೆ ಕೊಡಲಾಗದವನೂ ಇದರಿಂದ ನೀರಿಗಿಳಿಯುತ್ತಾನೆ.

ಕಲಿಯುವವನು ಮೊದಲ ದಿನ ಗಾಳವನ್ನು ಮುಟ್ಟದಿರುವುದೇ ಲೇಸು. ತೇಲುವ ಅಂಗಿಯನ್ನು ತೊಟ್ಟು, ದಡದ ಬಳಿ ಆಳವಿಲ್ಲದ ನೀರಿನಲ್ಲಿ ಹುಟ್ಟು ಹಾಕುವುದನ್ನು ಅಭ್ಯಾಸ ಮಾಡಬೇಕು. ಬೇಕೆಂದೇ ದೋಣಿಯನ್ನು ಮಗುಚಿ, ಮತ್ತೆ ಹತ್ತಿ ಕೂರುವುದನ್ನು ಕಲಿಯಬೇಕು. ನೀರಿಗೆ ಬೀಳುವುದನ್ನು ಮುಂಚೆಯೇ ಕಲಿತವನಿಗೆ ಮುಂದೆ ಗಾಬರಿಯಿಲ್ಲ. ಎರಡನೆಯ ಪಾಠ ಗಾಳಿಯದು. ಹಗುರವಾದ ದೋಣಿ ಸಣ್ಣ ಗಾಳಿಗೂ ಸರಿದುಹೋಗುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹುಟ್ಟು ಹಾಕಿದರೆ ದಣಿದು ಮರಳುವಾಗ ಗಾಳಿಯೇ ನೂಕಿ ತರುತ್ತದೆ.

ಇನ್ನು ಮೀನಿನ ಸ್ವಭಾವ. ದೊಡ್ಡ ಬಾಯಿಯ ಬಾಸ್ ಹೊಂಚು ಹಾಕುವ ಮೀನು. ನೀರಿಗುರುಳಿದ ಮರದ ಕೆಳಗೆ, ಜೊಂಡಿನ ಅಂಚಿನಲ್ಲಿ, ಕಟ್ಟೆಯ ನೆರಳಿನಲ್ಲಿ ಅಡಗಿ ನಿಂತು ಸಣ್ಣ ಮೀನು ಸುಳಿದೊಡನೆ ಎರಗುತ್ತದೆ. ಬೇಸಿಗೆಯಲ್ಲಿ ಬೆಳಗು ಬೈಗುಗಳ ಮಬ್ಬಿನಲ್ಲಿ ಅದಕ್ಕೆ ಹಸಿವು ಹೆಚ್ಚು. ವಸಂತದಲ್ಲಿ ಗಂಡು ಮೀನು ಆಳವಿಲ್ಲದ ನೀರಿನ ತಳವನ್ನು ಬಾಲದಿಂದ ಗುಡಿಸಿ ಗೂಡು ಮಾಡಿ, ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುತ್ತದೆ. ಕಲಿಯುವವನು ನಡುಗೆರೆಯ ತಿಳಿನೀರಿಗೆ ದಾರ ಎಸೆದು ಹೊತ್ತು ಕಳೆಯುವುದುಂಟು. ಬಲ್ಲವನು ಜೊಂಡಿನ ಅಂಚಿಗೆ ಸಮನಾಗಿ ಎಸೆಯುತ್ತಾನೆ. ರಬ್ಬರಿನ ಎರೆಹುಳು ನಿಧಾನವಾಗಿ ಮುಳುಗುವಾಗ ಕಣ್ಣು ದಾರದ ಮೇಲಿರಬೇಕು. ದಾರ ಒಮ್ಮೆ ಅದುರಿ ಪಕ್ಕಕ್ಕೆ ಸರಿದರೆ ಮೀನು ಕಚ್ಚಿತೆಂದು ತಿಳಿದು ಕೋಲನ್ನೆತ್ತಬೇಕು. ದೊಡ್ಡ ಮೀನಾದರೆ ದೋಣಿಯನ್ನೇ ತಿರುಗಿಸಿ ಎಳೆಯುತ್ತದೆ. ಆಗ ಪಕ್ಕಕ್ಕೆ ಬಾಗದೆ ನೆಟ್ಟಗೆ ಕುಳಿತು, ಅದನ್ನು ದಣಿಸಿ, ಬಳಿಗೆ ತಂದು, ಹೆಬ್ಬೆರಳಿನಿಂದ ಕೆಳದುಟಿಯನ್ನು ಹಿಡಿದೆತ್ತಬೇಕು. ಇದೆಲ್ಲವೂ ಕೈಗೆ ಒಗ್ಗಲು ಹಲವು ವಾರಗಳ ರಜೆಯೇ ಬೇಕು.

ಈ ವಿದ್ಯೆಗೆ ಸಿರಿವಂತಿಕೆ ಬೇಕಿಲ್ಲವೆಂಬುದಕ್ಕೆ ಜಾರ್ಜ್ ಪೆರಿಯ ಉದಾಹರಣೆ ಸಾಕು. ಜಾರ್ಜಿಯಾ ಸಂಸ್ಥಾನದ ಈ ಬಡ ರೈತನಿಗೆ ಆಗ ಸುಮಾರು 20 ವರ್ಷ. ಮಹಾಮುಗ್ಗಟ್ಟಿನ ಕಾಲ. 1932ನೆಯ ಜೂನ್ 2ರಂದು ನೆಲ ತೊಯ್ದು ಉಳಲಾಗದಿದ್ದುದರಿಂದ ಅವನು ಗೆಳೆಯನೊಡನೆ ಮಾಂಟ್‌ಗೊಮರಿ ಎಂಬ ಕೊಳಕ್ಕೆ ಹೋದನು. ಅಂದು ಹಿಡಿದ ಬಾಸ್ 22 ಪೌಂಡು 4 ಔನ್ಸು ತೂಗಿತು. ಎಂದರೆ ಸುಮಾರು 10 ಕಿಲೋ. ಅದನ್ನು ಮನೆಗೊಯ್ದು ಅಡುಗೆ ಮಾಡಿ ಉಂಡರು. ಆ ದಾಖಲೆಯನ್ನು ಸರಿಗಟ್ಟುವ ಮೀನು ದೊರೆತುದು 77 ವರ್ಷಗಳ ಮೇಲೆ, 2009ರಲ್ಲಿ, ಜಪಾನಿನ ಬೀವಾ ಸರೋವರದಲ್ಲಿ. ಕೆಲಸವಿಲ್ಲದೆ ದೊರೆತ ಒಂದು ದಿನ ಮತ್ತು ಹೋಗಬಹುದಾದ ಒಂದು ಕೊಳ, ಇವೆರಡೇ ಆ ಬಡವನ ಬಂಡವಾಳವಾಗಿದ್ದುವು.

ಹೋಗಬಹುದಾದ ಕೊಳವೆಂದೆವು, ಆ ಮಾತಿಗೆ ತೂಕವಿದೆ. ಅಲ್ಲಿಯ ಕೆರೆಗಳು ತಾವಾಗಿಯೇ ಉಳಿದಿಲ್ಲ. 1950ರಲ್ಲಿ ಆ ದೇಶದ ಶಾಸನಸಭೆ ಗಾಳದ ಸಾಮಗ್ರಿಯ ಮೇಲಿನ ಸುಂಕವನ್ನು ಸಂಸ್ಥಾನಗಳ ಮತ್ಸ್ಯ ಸಂರಕ್ಷಣೆಗೇ ಮೀಸಲಿಡುವ ಕಾಯಿದೆ ಮಾಡಿತು. 1984ರಲ್ಲಿ ಅದನ್ನು ವಿಸ್ತರಿಸಿ, ಸಾರ್ವಜನಿಕರು ದೋಣಿ ಇಳಿಸುವ ಸ್ಥಳಗಳಿಗೂ ಪಾಲು ಗೊತ್ತುಪಡಿಸಲಾಯಿತು. ಗಾಳಗಾರನು ಲೈಸೆನ್ಸಿನ ಹಣ ಕೊಡುತ್ತಾನೆ, ಸುಂಕ ಕೊಡುತ್ತಾನೆ. ಆದುದರಿಂದ ಕೆರೆಯ ವಿಷಯದಲ್ಲಿ ಕೇಳುವ ಬಾಯಿಯೂ ಅವನಿಗಿದೆ.

ಹಾಗೆಂದು ಪರದೇಶದ ಮೀನನ್ನೂ ತರಬೇಕೆಂದು ಯಾರೂ ಭಾವಿಸಬಾರದು. ಜಪಾನಿನ ಆಶಿ ಸರೋವರಕ್ಕೆ 1925ರಲ್ಲಿ ಬಾಸ್ ತಂದು ಬಿಟ್ಟರು. ಕಾಲಕ್ರಮದಲ್ಲಿ ಅದು ಬೇರೆ ನೀರುಗಳಿಗೂ ಹಬ್ಬಿ ಸ್ಥಳೀಯ ಮೀನುಗಳನ್ನು ತಿಂದುಹಾಕಿತು. 2005ರಿಂದ ಅದನ್ನು ಸಾಕುವುದೂ ಜೀವಂತ ಸಾಗಿಸುವುದೂ ಅಲ್ಲಿ ಕಾನೂನಿಗೆ ವಿರುದ್ಧ. ನಾವು ಅನುಕರಿಸಬೇಕಾದುದು ಅಮೇರಿಕದವರ ಅಭ್ಯಾಸವನ್ನು. ಮೀನು ನಮ್ಮ ನೀರಿನಲ್ಲಿಯೇ ಬೇಕಷ್ಟಿದೆ.

ಮುಂಬಯಿಯ ನಮ್ಮವರಿಗೆ ಪೊವಾಯಿ ಕೆರೆ ಅಪರಿಚಿತವಲ್ಲ. ಕುಡಿಯುವ ನೀರಿಗೆಂದು 1891ರ ಹೊತ್ತಿಗೆ ಕಟ್ಟಿದ ಕೆರೆಯದು. ನೀರು ಕುಡಿಯಲು ತಕ್ಕುದಲ್ಲವೆಂದು ಆ ಉದ್ದೇಶ ಕೈಬಿಟ್ಟುಹೋಯಿತು. ಗಾಳಗಾರರ ಸಂಘವೊಂದು ಅಲ್ಲಿ ಬಹುಕಾಲದಿಂದ ಇದೆ. ಮೊಸಳೆಗಳೂ ಇರುವುದರಿಂದ ಅಲ್ಲಿ ಕಯಾಕ್ ಇಳಿಸಿರೆಂದು ನಾವು ಹೇಳಲಾರೆವು. ಆದರೆ ಚರಂಡಿಯ ನೀರೂ ಅಂತರಗಂಗೆಯೂ ಆ ಕೆರೆಯನ್ನು ಉಸಿರುಗಟ್ಟಿಸುತ್ತಿರುವಾಗ ಹತ್ತಿರದಲ್ಲಿ ದುಡಿಯುವ ನಮ್ಮ ಸಾವಿರಾರು ಜನರಿಗೆ ಅದು ತಮ್ಮ ಸ್ವತ್ತೆಂಬ ಭಾವನೆಯೇ ಇಲ್ಲದಿರುವುದು ಶೋಚನೀಯ. 2022ರಲ್ಲಿ ಕೆರೆಯಂಚಿನ ಸೈಕಲ್ ಹಾದಿಯ ಕಾಮಗಾರಿ ಕಾನೂನುಬಾಹಿರವೆಂದು ಮುಂಬಯಿ ಹೈಕೋರ್ಟು ತೀರ್ಪಿತ್ತುದು ನಾಗರಿಕರು ಹೋಗಿ ಕೇಳಿದುದರಿಂದ. ದಡದಲ್ಲಿ ಒಮ್ಮೆಯಾದರೂ ಕುಳಿತವನೇ ಹಾಗೆ ಕೇಳಬಲ್ಲನು.

ಈಗ ಮಾಲಿಕರಿಗೆ ಎರಡು ಮಾತು. ಗಲ್ಲೆಯ ಹಿಂದೆ ವರ್ಷಗಳನ್ನು ಕಳೆದ ನಾವು ಅವರ ಕಷ್ಟವನ್ನು ಅರಿಯದವರಲ್ಲ. ಭಟ್ಟರು ರಜೆ ಹಾಕಿದ ದಿನ ಒಲೆಯ ಮುಂದೆ ಯಾರು ನಿಲ್ಲಬೇಕೆಂಬ ಚಿಂತೆ ನಮಗೂ ಇತ್ತು. ಆದರೂ 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಕಾಲದಿಂದಲೂ ವಾರಕ್ಕೊಂದು ರಜೆ ಕಾರ್ಮಿಕನ ಹಕ್ಕು, ಯಜಮಾನರ ದಾಕ್ಷಿಣ್ಯವಲ್ಲ. ‘ಈ ವಾರ ಜನ ಕಡಿಮೆ, ಮುಂದಿನ ವಾರ ತಗೋ’ ಎನ್ನುವ ರಜೆಯಿಂದ ಯಾವ ವಿದ್ಯೆಯನ್ನೂ ಕಲಿಯಲಾಗದು. ಯಾವ ದಿನವೆಂದು ಮುಂಚಿತವಾಗಿ ಗೊತ್ತುಮಾಡಿ ಗೋಡೆಗೆ ಬರೆದು ಹಾಕಬೇಕು, ಬರೆದುದನ್ನು ನಡೆಸಿಕೊಡಬೇಕು.

ಕಾರ್ಮಿಕ ಬಂಧುಗಳಿಗೆ ಹೇಳುವುದಿಷ್ಟೆ. ಗಾಳವೇ ಆಗಬೇಕೆಂದಿಲ್ಲ, ಈಜಾಗಲಿ, ಹಾರ್ಮೋನಿಯಮ್ಮಾಗಲಿ, ಯಕ್ಷಗಾನದ ಹೆಜ್ಜೆಯಾಗಲಿ, ಹಲವು ವಾರ ಸೋತು ಮತ್ತೆ ಕೈಯಿಕ್ಕಬೇಕಾದ ಯಾವುದಾದರೊಂದು ವಿದ್ಯೆಯನ್ನು ಹಿಡಿಯಿರಿ. ದಿನಕ್ಕೆ ನೂರು ಟೇಬಲುಗಳ ಕೂಗಿಗೆ ಓಗೊಡುವವನಿಗೆ ಯಾರೂ ಕೂಗದ ನೀರಿನ ಮುಂದೆ ಒಂದು ಜಾವ ಸುಮ್ಮನೆ ಕುಳಿತಿರುವುದು ಎಂಥ ಔಷಧವೆಂಬುದನ್ನು ಕುಳಿತೇ ತಿಳಿಯಬೇಕು. ಸಂಬಳ ಮಾಲಿಕನ ಕೈಯಲ್ಲಿದೆ, ಪಾಳಿ ಮ್ಯಾನೇಜರನ ಕೈಯಲ್ಲಿದೆ. ರಜೆಯ ದಿನ ಕಲಿತ ವಿದ್ಯೆ ಮಾತ್ರ ನಿಮ್ಮದು. ಬರುವ ರಜೆಯಿಂದಲೇ ಅದನ್ನು ಆರಂಭಿಸಿರಿ.