ಹಿಂಸಾದಾನಕ್ಕೆ ಸಂಗ್ರಹವೆಂಬ ಹೆಸರೇ?

ಕಳೆದ ಚಾತುರ್ಮಾಸದ ಕೊನೆಯಲ್ಲಿ ನಡೆದ ನಮ್ಮ ಜಿನಮಂದಿರದ ಟ್ರಸ್ಟಿನ ಸಭೆಯಲ್ಲಿ ಒಂದು ಚೆಕ್ಕಿನ ವಿಚಾರ ಬಂದಿತು. ಬಸವನಗುಡಿಯಲ್ಲಿ ನಾಲ್ಕು ದಶಕಗಳಿಂದ ನೆಲೆಸಿರುವ ಸದ್ಗೃಹಸ್ಥರೊಬ್ಬರು ಪಾಠಶಾಲೆಯ ಕೊಠಡಿಯ ಜೀರ್ಣೋದ್ಧಾರಕ್ಕೆಂದು ಒಂದೂವರೆ ಲಕ್ಷ ರೂಪಾಯಿಗಳನ್ನು ನೀಡಿದ್ದರು. ಹಣದ ಮೂಲವನ್ನು ಅವರು ಮರೆಮಾಚಲಿಲ್ಲ. ಅಮೆರಿಕದಲ್ಲಿರುವ ಅವರ ಪುತ್ರನು ಎರಡನೆಯ ಮಹಾಯುದ್ಧದ ಪಿಸ್ತೂಲುಗಳ ಸಂಗ್ರಾಹಕ. ತನ್ನಲ್ಲಿದ್ದ ಎರಡನ್ನು ಮಾರಿ, ಬಂದ ಹಣವನ್ನು ಧರ್ಮಕಾರ್ಯಕ್ಕೆ ಕಳುಹಿಸಿದ್ದನು. “ಆತ ಯಾರ ಮೇಲೂ ಗುಂಡು ಹಾರಿಸಿದವನಲ್ಲ, ಲೋಹದ ಮೇಲಿನ ಮುದ್ರೆಗಳನ್ನು ಓದುವುದಷ್ಟೇ ಅವನ ಹವ್ಯಾಸ, ಅಲ್ಲಿಯ ಕಾನೂನಿಗೂ ಇದು ವಿರುದ್ಧವಲ್ಲ” ಎಂದು ಧರ್ಮದರ್ಶಿಗಳಲ್ಲಿ ಹಲವರು ಸಮಾಧಾನ ಹೇಳಿದರು. ನಾನು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲವೆಂಬುದನ್ನು ಸಮಾಜದ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಆ ಯುವಕನು ತನ್ನ ತಂದೆಗೆ ಕಳುಹಿಸಿದ್ದ ಚಿತ್ರಗಳನ್ನು ನಾನೂ ಕುತೂಹಲದಿಂದ ನೋಡಿದೆ. ಅವನ ವಿದ್ಯೆ ಅಲ್ಪವಾದುದಲ್ಲ. ಜರ್ಮನ್ ಸೇನೆಯ ಪಿ-38 ಪಿಸ್ತೂಲಿನ ಮೇಲೆ ‘ಎಸಿ’ ಎಂದಿದ್ದರೆ ಅದು ವಾಲ್ಥರ್ ಕಾರ್ಖಾನೆಯದು, ‘ಬಿವೈಎಫ್’ ಎಂದಿದ್ದರೆ ಮೌಸರ್, ‘ಸಿವೈಕ್ಯೂ’ ಎಂದಿದ್ದರೆ ಸ್ಪ್ರೀವರ್ಕ್. ಯುದ್ಧದ ಕೊನೆಯ ಘಟ್ಟದಲ್ಲಿ ಮೌಸರ್ ಕಾರ್ಖಾನೆ ಫ್ರೆಂಚರ ವಶವಾಗಿ, 1946ರ ಪಿಸ್ತೂಲುಗಳ ಮೇಲೆ ಐದು ಮೊನೆಯ ನಕ್ಷತ್ರ ಮೂಡಿತು. ಸೋವಿಯತ್ ಸೇನೆ ವಶಪಡಿಸಿಕೊಂಡ ಪಿಸ್ತೂಲುಗಳನ್ನು ಬಿಚ್ಚಿ, ಒಂದರ ಭಾಗವನ್ನು ಮತ್ತೊಂದಕ್ಕೆ ಜೋಡಿಸಿ, ಹೊಸದಾಗಿ ಕಪ್ಪು ಬಣ್ಣವೇರಿಸಿ ಉಗ್ರಾಣದಲ್ಲಿಟ್ಟರು. ಅಂಥವುಗಳ ಮೇಲೆ ಗುಣಾಕಾರದ ಚಿಹ್ನೆಯಂಥ ಗುರುತು ಕಾಣುತ್ತದೆ. ಕೆಲವನ್ನು ಪೂರ್ವ ಜರ್ಮನಿಯ ಪೊಲೀಸರಿಗಾಗಿ ತಿದ್ದಿದರು. ಇವು ದಶಕಗಳ ಅನಂತರ ಅಮೆರಿಕಕ್ಕೆ ಬಂದಾಗ ಆಮದುದಾರನ ಹೆಸರೂ ಕೊರೆಯಲ್ಪಟ್ಟಿತು. ಹೀಗೆ ಒಂದೇ ಉಕ್ಕಿನ ತುಂಡಿನ ಮೇಲೆ ಮೂರು ನಾಲ್ಕು ಒಡೆಯರ ಮುದ್ರೆಗಳು.

ಇದನ್ನು ಸಂಗ್ರಾಹಕರು ‘ರೀವರ್ಕ್’ ಎನ್ನುತ್ತಾರೆ. ಇಂಗ್ಲೆಂಡಿನ ಆಯುಧಗಳಲ್ಲಿ ಇದೇ ಕ್ರಿಯೆಗೆ ‘ಎಫ್‌ಟಿಆರ್’ ಎಂಬ ಮೂರಕ್ಷರವಿದೆ. ಕಾರ್ಖಾನೆಯಲ್ಲಿ ಆದ್ಯಂತ ದುರಸ್ತಿ ಎಂದು ಅದರ ಅರ್ಥ. ನನ್ನ ಆಕ್ಷೇಪಣೆಯ ಬೇರು ಇಲ್ಲಿದೆ. ಯುದ್ಧ ಮುಗಿದಾಗ ಆ ಆಯುಧದ ಕೆಲಸವೂ ಮುಗಿಯಬಹುದಿತ್ತು. ಕುಲುಮೆಗೆ ಹಾಕಿದ್ದರೆ ಅದು ನೇಗಿಲ ಕುಳವಾಗುತ್ತಿತ್ತು. ಹಾಗಾಗದಂತೆ ನೋಡಿಕೊಂಡ ಕೈಗಳ ರುಜುವೇ ಈ ಗುರುತು. “ಇದು ಪುನಃ ಕೊಲ್ಲಲು ಸಮರ್ಥವಾಗಿದೆ” ಎಂಬ ಪ್ರಮಾಣಪತ್ರ ಅದು. ಇತಿಹಾಸದ ಅವಶೇಷವೆಂದು ನಾವು ಸಮಾಧಾನಪಟ್ಟುಕೊಳ್ಳುವ ವಸ್ತು ಅವಶೇಷವಾಗದೆ ಉಳಿದದ್ದು ಆ ಗುರುತಿನಿಂದಲೇ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ನೋಯಿಸಿತು. ಈ ಪಿಸ್ತೂಲುಗಳ ಮೇಲೆ ಮೂಲದಲ್ಲಿ ಹದ್ದು ಮತ್ತು ಸ್ವಸ್ತಿಕದ ಮುದ್ರೆಯಿದೆ. ತಿದ್ದಿದವರು ಕೆಲವೊಮ್ಮೆ ಸ್ವಸ್ತಿಕವನ್ನು ಬಡಿದು ಅಳಿಸಿದ್ದಾರೆ. ಅಳಿಸದೆ ಉಳಿದಿರುವುದಕ್ಕೆ, ಮೂಲ ಸಂಖ್ಯೆಗಳು ಒಂದಕ್ಕೊಂದು ಹೊಂದುವುದಕ್ಕೆ ಬೆಲೆ ಹೆಚ್ಚು. ಸ್ವಸ್ತಿಕವು ನಮಗೆ ಸುಪಾರ್ಶ್ವನಾಥ ತೀರ್ಥಂಕರರ ಲಾಂಛನ. ದೇವ, ಮನುಷ್ಯ, ತಿರ್ಯಂಚ, ನರಕವೆಂಬ ನಾಲ್ಕು ಗತಿಗಳ ಸಂಕೇತವಾಗಿ ನಮ್ಮ ಮನೆಯ ತಾಯಂದಿರು ಅಕ್ಷತೆಯಲ್ಲಿ ಅದನ್ನು ಬರೆಯುತ್ತಾರೆ. ಅದೇ ಮನೆಯ ಮೊಮ್ಮಗನು ನರಮೇಧ ನಡೆಸಿದವರ ಆಯುಧದ ಮೇಲೆ ಆ ಆಕೃತಿ ಅಳಿಯದೆ ಉಳಿದಿದೆಯೆಂದು ಹೆಚ್ಚು ಹಣ ತೆರುವನೆಂದರೆ, ಇದನ್ನು ವಿದ್ಯಾಭಿಮಾನವೆಂದು ಕರೆಯಲು ನನಗೆ ನಾಲಗೆ ಬಾರದು.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅನರ್ಥದಂಡಗಳನ್ನು ಹೇಳುವಾಗ ಹಿಂಸಾದಾನವನ್ನೂ ಸೇರಿಸಿದ್ದಾರೆ. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಸಂಕೋಲೆ ಮೊದಲಾದ ಹಿಂಸೆಯ ಉಪಕರಣಗಳನ್ನು ಪರರ ಕೈಗೆ ಕೊಡುವುದೇ ಈ ದೋಷ. ಗುದ್ದಲಿಯ ವಿಷಯದಲ್ಲಿಯೇ ಇಷ್ಟು ಎಚ್ಚರವೆಂದರೆ ಪಿಸ್ತೂಲಿನ ಮಾತೇನು? ಶ್ವೇತಾಂಬರ ಸಂಪ್ರದಾಯದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಅದನ್ನು ವಿವರಿಸುವಾಗ ಆಯುಧದ ವ್ಯಾಪಾರವನ್ನೂ ಅದರೊಳಗೆ ಸೇರಿಸುತ್ತಾರೆ. ಆ ಎರಡು ಪಿಸ್ತೂಲುಗಳು ಈಗ ಯಾರ ಮನೆಯಲ್ಲಿವೆ, ಆತನ ಮನಸ್ಸು ಎಂತಹುದು ಎಂಬುದನ್ನು ಮಾರಿದವನು ಬಲ್ಲನೇ?

ಸಭೆಯಲ್ಲಿ ಒಬ್ಬ ಹಿರಿಯರು ಚಾವುಂಡರಾಯನ ಹೆಸರೆತ್ತಿದರು. ಗೊಮ್ಮಟೇಶ್ವರನನ್ನು ನಿಲ್ಲಿಸಿದವನೇ ‘ಸಮರಪರಶುರಾಮ’ನೆಂಬ ಬಿರುದಾಂಕಿತನಲ್ಲವೇ ಎಂಬುದು ಅವರ ಪ್ರಶ್ನೆ. ಉತ್ತರಿಸತಕ್ಕ ಪ್ರಶ್ನೆಯೇ ಸರಿ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಪೂರ್ಣವಾಗಿ ತ್ಯಜಿಸಲೇಬೇಕಾದದ್ದು ಸಂಕಲ್ಪಿ ಹಿಂಸೆ. ನಾಡನ್ನು ಕಾಯುವ ಸೇನಾನಿಗೆ ವಿರೋಧಿ ಹಿಂಸೆ ಅನಿವಾರ್ಯ. ಆದರೆ ಗಂಗರ ದಂಡನಾಯಕನು ರಾಜ್ಯದ ಹೊಣೆಗಾಗಿ ಕತ್ತಿ ಹಿಡಿದನೇ ಹೊರತು ಅಂದಕ್ಕಾಗಿ ಕೂಡಿಡಲಿಲ್ಲ. ಸಂಗ್ರಾಹಕನಿಗೆ ಕಾಯಬೇಕಾದ ನಾಡಿಲ್ಲ, ಎದುರಿಸಬೇಕಾದ ಶತ್ರುವಿಲ್ಲ. ಉಳಿಯುವುದು ಮೂರ್ಛೆಯೊಂದೇ, ಪರಿಗ್ರಹವೆಂದರೆ ಅದೇ.

ಗುರುತು ಓದುವ ವಿದ್ಯೆಯನ್ನು ನಾನು ನಿಂದಿಸುವುದಿಲ್ಲ. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿಯೂ, ಆರ್. ನರಸಿಂಹಾಚಾರ್ಯರು ಇನ್ನೂ ವಿಸ್ತರಿಸಿ 1923ರಲ್ಲಿಯೂ ಪ್ರಕಟಿಸಿದರು. ಅವರು ಬಂಡೆಯ ಮೇಲೆ ಕಾಗದವನ್ನೊತ್ತಿ ಮಸಿಯ ಪಡಿಯಚ್ಚು ತೆಗೆದುಕೊಂಡರು. ಕಲ್ಲನ್ನು ಮನೆಗೆ ಹೊತ್ತೊಯ್ಯಲಿಲ್ಲ. ಆ ಯುವಕನಿಗೂ ಚಿತ್ರಗಳಿವೆ, ಗ್ರಂಥಗಳಿವೆ, ವಸ್ತುಸಂಗ್ರಹಾಲಯಗಳಿವೆ.

ಸಮುದ್ರದಾಚೆಯ ಮಾತೆಂದು ಇಲ್ಲಿನವರು ನಿಶ್ಚಿಂತರಾಗಬೇಕಾಗಿಲ್ಲ. ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳ ಗಾಡ್ರೇಜ್ ಬೀರುವಿನಲ್ಲಿ ತಾತನ ಕಾಲದ ಲೈಸೆನ್ಸಿನ ರಿವಾಲ್ವರ್ ಇರುವುದನ್ನು ನಾನು ಕಂಡಿದ್ದೇನೆ. 1980ರ ದಶಕದಲ್ಲಿ ವಿದೇಶಿ ಪಿಸ್ತೂಲುಗಳ ಖಾಸಗಿ ಆಮದು ನಿಂತಮೇಲೆ ಹಳೆಯ ವೆಬ್ಲಿಗಳಿಗೆ ಲಕ್ಷಗಳ ಬೆಲೆ ಬಂದಿದೆ, ಆಸೆಯೂ ಬಂದಿದೆ. ಅಂಥ ಮನೆಯವರಲ್ಲಿ ನನ್ನ ವಿನಂತಿ ಇಷ್ಟು: ಅದನ್ನು ಮಾರಬೇಡಿರಿ. 1959ರ ಶಸ್ತ್ರಾಸ್ತ್ರ ಅಧಿನಿಯಮದ 21ನೆಯ ಪ್ರಕರಣದಂತೆ ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ, ರಸೀದಿ ಪಡೆದು, ಮರಳಿ ಕೇಳದಿದ್ದರೆ ಅದು ಕ್ರಮದಂತೆ ಸರ್ಕಾರದ ಪಾಲಾಗುತ್ತದೆ. ನಷ್ಟವಾಗುವುದು ನಿಜ.

ಚೆಕ್ಕು ಇನ್ನೂ ಕಚೇರಿಯ ಕಪಾಟಿನಲ್ಲಿದೆ. ಪಾಠಶಾಲೆಯ ಸೂರು ಕಳೆದ ಮಳೆಯಲ್ಲಿ ಸೋರಿತು, ಮಕ್ಕಳು ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದಾರೆ. ಇದನ್ನು ಬಲ್ಲೆನಾದುದರಿಂದಲೇ ಈ ಮಾತು ನನಗೆ ಕಷ್ಟವಾಗಿದೆ. ಆ ತಂದೆಯವರು ನನ್ನ ಹಳೆಯ ಸ್ನೇಹಿತರು, ಸಭೆಯ ಅನಂತರ ನನ್ನೊಡನೆ ಮಾತನಾಡಿಲ್ಲ. ಮಹಾವೀರ ಜಯಂತಿಗೆ ಮುನ್ನ ಸೇರುವ ಸಭೆಯಲ್ಲಿ ಎರಡು ಠರಾವುಗಳನ್ನು ಮಂಡಿಸಲಿದ್ದೇನೆ: ಆ ಹಣವನ್ನು ವಿನಯಪೂರ್ವಕವಾಗಿ ಹಿಂದಿರುಗಿಸುವುದು, ಆಯುಧದ ಮಾರಾಟದಿಂದ ಬಂದ ಕಾಣಿಕೆಯನ್ನು ಟ್ರಸ್ಟು ಮುಂದೆಂದೂ ಸ್ವೀಕರಿಸದಿರುವುದು. ಸೂರಿನ ದುರಸ್ತಿಗೆ ನನ್ನ ಪಾಲಿನ ಇಪ್ಪತ್ತೈದು ಸಾವಿರವನ್ನು ಅಂದೇ ಕಟ್ಟುವೆನು. ಉಳಿದುದಕ್ಕೆ ಇತರ ಬಸದಿಗಳ ಟ್ರಸ್ಟುಗಳೂ ಕೈಜೋಡಿಸಬೇಕೆಂದು ಈ ಪುಟಗಳ ಮೂಲಕ ಕೇಳಿಕೊಳ್ಳುತ್ತೇನೆ.